ನಾಣ್ಯದ ನಾಣ್ಯ: ಅಂತರಜಾಲದ ಹರಾಜಿನ ಚಿತ್ರಗಳನ್ನು ಪರೀಕ್ಷಿಸುವ ಬಗೆ

ಕನ್ನಡದಲ್ಲಿ 'ನಾಣ್ಯ' ಎಂಬ ಮಾತಿಗೆ ಎರಡು ಅರ್ಥಗಳು ರೂಢಿಯಲ್ಲಿವೆ. ಟಂಕಸಾಲೆಯಲ್ಲಿ ಮುದ್ರೆಯೊತ್ತಿದ ಲೋಹದ ಬಿಲ್ಲೆ ಎಂಬುದು ಒಂದು. ಒಂದು ವಸ್ತುವಿನ ಗುಣ, ಅದರ ನಿಜತನ, ನಂಬಿಕೆಗೆ ಅರ್ಹವಾದ ಅದರ ಯೋಗ್ಯತೆ ಎಂಬುದು ಇನ್ನೊಂದು. ಅಂಗಡಿಯಲ್ಲಿ ಬಟ್ಟೆಯನ್ನು ಮುಟ್ಟಿ ನೋಡಿ "ಇದರ ನಾಣ್ಯ ಚೆನ್ನಾಗಿದೆ" ಎನ್ನುವ ಗೃಹಿಣಿಯೂ, "ಆತ ನಾಣ್ಯಸ್ಥ" ಎಂದು ನೆರೆಯವನನ್ನು ಹೊಗಳುವ ಹಿರಿಯನೂ ಈ ಎರಡನೆಯ ಅರ್ಥವನ್ನೇ ಬಳಸುತ್ತಾರೆ. ಒಂದೇ ಶಬ್ದವು ಹಣಕ್ಕೂ ಪ್ರಾಮಾಣಿಕತೆಗೂ ಹೆಸರಾಗಿ ನಿಂತಿರುವುದು ನಮ್ಮ ನುಡಿಯ ಹಿರಿಮೆ. ಆದರೆ ಎಲ್ಲ ನಾಣ್ಯಕ್ಕೂ ನಾಣ್ಯವಿರುವುದಿಲ್ಲ. ಆದ್ದರಿಂದಲೇ ಪರೀಕ್ಷೆಯ ವಿದ್ಯೆ ಹುಟ್ಟಿತು. ಆ ಹಳೆಯ ವಿದ್ಯೆಯನ್ನು ಇಂದಿನ ಒಂದು ಹೊಸ ಸಂದರ್ಭಕ್ಕೆ ಅನ್ವಯಿಸಿ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಶಾಲೆಯಲ್ಲಿ ಓದಿದ ಅನೇಕರು ಇಂದು ದೂರದ ಊರುಗಳಲ್ಲಿ, ಪರದೇಶಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಕೆಲವರಿಗೆ ಪ್ರಾಚೀನ ನಾಣ್ಯಗಳ ಸಂಗ್ರಹದಲ್ಲಿ ಆಸಕ್ತಿಯುಂಟು. ವಿದ್ಯಾರ್ಥಿಗಳ ಉಪಯೋಗಕ್ಕಾಗಿ ನಾಣ್ಯಗಳನ್ನು ಕೊಂಡು ಶಾಲೆಗೆ ಅರ್ಪಿಸಬೇಕೆಂಬ ಸದಿಚ್ಛೆಯೂ ದಾನಿಗಳಲ್ಲಿ ಇರುತ್ತದೆ. ಈಗ ಕೊಳ್ಳುವಿಕೆಯ ಬಹುಭಾಗ ಅಂತರಜಾಲದ ಹರಾಜಿನಲ್ಲಿ ನಡೆಯುತ್ತದೆ. ಅಲ್ಲಿ ಕೊಳ್ಳುವವನ ಕೈಗೆ ನಾಣ್ಯ ಬರುವುದು ಹಣ ಕೊಟ್ಟ ಮೇಲೆ. ಅದಕ್ಕೆ ಮುಂಚೆ ಅವನಿಗೆ ದೊರೆಯುವುದು ಎರಡೋ ಮೂರೋ ಭಾವಚಿತ್ರಗಳು ಮಾತ್ರ. ಕಾಯಕದಿಂದ ಗಳಿಸಿದ ಹಣ ಖೊಟ್ಟಿ ಬಿಲ್ಲೆಗೆ ಸಲ್ಲುವುದು ಒಂದು ನಷ್ಟ. ಆ ಬಿಲ್ಲೆ ಗಾಜಿನ ಪೆಟ್ಟಿಗೆಯಲ್ಲಿ ಕುಳಿತು, ತಲೆಮಾರಿನಿಂದ ತಲೆಮಾರಿಗೆ ಮಕ್ಕಳಿಗೆ ಸುಳ್ಳು ಇತಿಹಾಸವನ್ನು ಕಲಿಸುತ್ತ ಹೋಗುವುದು ಅದಕ್ಕಿಂತ ಹಿರಿದಾದ ನಷ್ಟ.

ಪರೀಕ್ಷಕನ ಹೊಣೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯಗಳನ್ನು ಮುದ್ರಿಸುವ ಲಕ್ಷಣಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಚಲಾವಣೆಯ ನಾಣ್ಯಗಳನ್ನು ಪರೀಕ್ಷಿಸುವುದಕ್ಕಾಗಿ ರೂಪದರ್ಶಕನೆಂಬ ಬೇರೊಬ್ಬ ಅಧಿಕಾರಿಯೂ ಇದ್ದಾನೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಖೊಟ್ಟಿಯನ್ನು ನಿಜವೆಂದು ಹೇಳುವ ನಾಣ್ಯಪರೀಕ್ಷಕನಿಗೂ, ನಿಜವನ್ನು ಖೊಟ್ಟಿಯೆಂದು ಹೇಳುವ ಪರೀಕ್ಷಕನಿಗೂ ಅದು ವಿಧಿಸುವ ದಂಡ ಒಂದೇ. ಅದೂ ಉತ್ತಮಸಾಹಸವೆಂಬ ಅತ್ಯಧಿಕ ದಂಡ. ಈ ಸಮದೃಷ್ಟಿ ಮನನೀಯವಾದುದು. ಎಲ್ಲವನ್ನೂ ನಂಬುವುದು ಹೇಗೆ ದೋಷವೋ, ಎಲ್ಲವನ್ನೂ ಸಂಶಯಿಸುವುದೂ ಹಾಗೆಯೇ ದೋಷ. ಕೆಟ್ಟ ಚಿತ್ರವು ಒಳ್ಳೆಯ ನಾಣ್ಯವನ್ನು ಹೀನವಾಗಿ ತೋರಿಸಬಹುದು. ಒಳ್ಳೆಯ ಚಿತ್ರವು ಹೀನ ನಾಣ್ಯವನ್ನು ಉತ್ತಮವಾಗಿ ತೋರಿಸಬಹುದು. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ಪರೀಕ್ಷೆ.

ಹಿಂದಿನ ಚಿನಿವಾರನು ನಾಣ್ಯವನ್ನು ಕಣ್ಣಿನಿಂದ ನೋಡುತ್ತಿದ್ದನು, ಬೆರಳಿನಿಂದ ಅಂಚನ್ನು ಸವರುತ್ತಿದ್ದನು, ಕಲ್ಲಿನ ಮೇಲೆ ಬೀಳಿಸಿ ನಾದವನ್ನು ಕೇಳುತ್ತಿದ್ದನು, ತಕ್ಕಡಿಯಲ್ಲಿ ತೂಗುತ್ತಿದ್ದನು, ಒರೆಗಲ್ಲಿಗೆ ಹಚ್ಚುತ್ತಿದ್ದನು. ಚಿತ್ರವು ಈ ಐದರಲ್ಲಿ ನಾಲ್ಕನ್ನು ನಮ್ಮಿಂದ ಕಸಿದುಕೊಂಡು ನೋಟವೊಂದನ್ನೇ ಉಳಿಸುತ್ತದೆ; ಆ ನೋಟವಾದರೂ ನಮ್ಮದಲ್ಲ, ಮಾರುವವನು ಆರಿಸಿಕೊಟ್ಟದ್ದು. ಯಾವ ಬೆಳಕಿನಲ್ಲಿ, ಯಾವ ಕೋನದಿಂದ, ಯಾವ ಭಾಗವನ್ನು ತೋರಿಸಬೇಕೆಂಬ ನಿರ್ಧಾರ ಅವನದು. ಆದ್ದರಿಂದ ಚಿತ್ರದಲ್ಲಿ ಏನು ಕಾಣುತ್ತದೆ ಎಂಬ ಪ್ರಶ್ನೆಗಿಂತ ಏನು ಕಾಣುತ್ತಿಲ್ಲ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

ಬೆಳಕಿನ ಮಾಯೆ

ನಾಣ್ಯದ ಮೇಲಿನ ರೂಪವು ಉಬ್ಬುಕೆಲಸ. ಅದು ನಮಗೆ ಕಾಣುವುದು ನೆರಳಿನಿಂದ. ಬೆಳಕು ಒಂದು ಪಕ್ಕದಿಂದ ತೀರ ಕೆಳಗಿನ ಕೋನದಲ್ಲಿ ಬಿದ್ದರೆ ಉಬ್ಬುಗಳ ನೆರಳು ಉದ್ದವಾಗಿ ಚಾಚಿ, ಸವೆದ ನಾಣ್ಯವೂ ಆಳವಾಗಿ ಕೊರೆದಂತೆ ಕಾಣುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಬೆಳಕನ್ನು ಸುತ್ತಲೂ ಹರಡಿ ಹೆಚ್ಚಿಸಿದರೆ ನೆರಳೆಲ್ಲ ಅಳಿದು, ಉಜ್ಜಿದ ಗೀರುಗಳೂ ಸಣ್ಣ ಗುಳಿಗಳೂ ಮಾಯವಾಗುತ್ತವೆ. ಮೊದಲನೆಯದು ಸವಕಳಿಯನ್ನು ಮುಚ್ಚುತ್ತದೆ. ಎರಡನೆಯದು ಗಾಯಗಳನ್ನು ಮುಚ್ಚುತ್ತದೆ. ಮೇಲಾಗಿ, ಬೆಳಕು ಯಾವ ದಿಕ್ಕಿನಿಂದ ಬರುತ್ತದೆಯೋ ಅದೇ ದಿಕ್ಕಿಗೆ ಹಾಯ್ದಿರುವ ಗೆರೆ ನೆರಳು ಬೀರುವುದಿಲ್ಲ. ಆದ್ದರಿಂದ ಅದು ಚಿತ್ರದಲ್ಲಿ ಮಸುಕಾಗುತ್ತದೆ. ಒಂದೇ ಚಿತ್ರವನ್ನು ನೆಚ್ಚಿ ಅಕ್ಷರವನ್ನು ಓದಹೊರಟವನು ದೀರ್ಘವನ್ನು ಹ್ರಸ್ವವೆಂದೂ, ಒತ್ತಕ್ಷರವನ್ನು ಇಲ್ಲವೆಂದೂ ತಿಳಿಯುವ ಅಪಾಯವುಂಟು.

ಇನ್ನೊಂದು ಭ್ರಮೆಯಿದೆ. ಬೆಳಕು ಮೇಲಿನಿಂದ ಬೀಳುತ್ತದೆಂಬುದು ನಮ್ಮ ಕಣ್ಣಿನ ಸಹಜವಾದ ಎಣಿಕೆ. ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದಿದ್ದರೆ ಉಬ್ಬಿದ ಮುಖವು ತಗ್ಗಿದಂತೆಯೂ, ತಗ್ಗಿನ ಗುರುತು ಉಬ್ಬಿದಂತೆಯೂ ತೋರುತ್ತದೆ. ಅಂಥ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ನಿಜರೂಪ ತಿಳಿಯುತ್ತದೆ.

ಟಂಕಸಾಲೆಯಿಂದ ಹೊಸದಾಗಿ ಬಂದ ನಾಣ್ಯಕ್ಕೆ ಒಂದು ವಿಶೇಷವಾದ ಹೊಳಪಿರುತ್ತದೆ. ಅಚ್ಚಿನ ಒತ್ತಡಕ್ಕೆ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿದಾಗ ಉಂಟಾದ ಅತಿಸೂಕ್ಷ್ಮ ಗೆರೆಗಳಿಂದ ಆ ಹೊಳಪು ಹುಟ್ಟುತ್ತದೆ. ನಾಣ್ಯವನ್ನು ಓಲಾಡಿಸಿದರೆ ಬೆಳಕಿನ ಪಟ್ಟೆಗಳು ಬಂಡಿಯ ಚಕ್ರದ ಅರೆಗಳಂತೆ ಸುತ್ತುತ್ತವೆ. ತಿಕ್ಕಿ ತೊಳೆದ ನಾಣ್ಯಕ್ಕೂ ಹೊಳಪುಂಟು. ಆದರೆ ಅದು ತೊಳೆದ ಪಾತ್ರೆಯ ಹೊಳಪು, ಅದರಲ್ಲಿ ಪಟ್ಟೆಗಳು ಸುತ್ತುವುದಿಲ್ಲ. ಅಲುಗದ ಚಿತ್ರದಲ್ಲಿ ಈ ಎರಡು ಹೊಳಪುಗಳೂ ಒಂದೇ ಆಗಿ ಕಾಣುತ್ತವೆ. ಆದಕಾರಣ ಬೆಲೆಯುಳ್ಳ ನಾಣ್ಯವಾದರೆ ಅದನ್ನು ಬೆಳಕಿನ ಕೆಳಗೆ ಓಲಾಡಿಸುವ ಚಲಚ್ಚಿತ್ರವನ್ನು ಕೇಳುವುದು ನ್ಯಾಯವಾದ ಬೇಡಿಕೆ. ಪ್ರಾಮಾಣಿಕನಾದ ಮಾರಾಟಗಾರನು ಇದಕ್ಕೆ ಬೇಸರಪಡಬೇಕಾಗಿಲ್ಲ.

ಬಣ್ಣ ಮತ್ತು ಸೂಕ್ಷ್ಮತೆ

ಹಳದಿ ದೀಪದ ಕೆಳಗೆ ಹಿತ್ತಾಳೆಯೂ ಚಿನ್ನದಂತೆ ಕಾಣುತ್ತದೆ. ನೀಲಿಛಾಯೆಯ ಬೆಳಕಿನಲ್ಲಿ ತವರದ ಬಿಲ್ಲೆಯೂ ಬೆಳ್ಳಿಯಂತೆ ಕಾಣುತ್ತದೆ. ಚಿತ್ರದ ಹಿನ್ನೆಲೆಯಲ್ಲಿ ಬಿಳಿಯ ಕಾಗದವೋ ಮನುಷ್ಯನ ಬೆರಳೋ ಇದ್ದರೆ ಅದರ ಬಣ್ಣ ಸಹಜವಾಗಿದೆಯೇ ಎಂದು ನೋಡಬೇಕು. ಕಾಗದವೇ ಹಳದಿಯಾಗಿದ್ದರೆ ನಾಣ್ಯದ ಹಳದಿಗೆ ಬೆಲೆಯಿಲ್ಲ. ಹಳೆಯ ಬೆಳ್ಳಿಯ ಮೇಲೆ ಕಾಲಾಂತರದಲ್ಲಿ ಮೂಡುವ ನೀಲಿ, ಕೆನ್ನೀಲಿ, ಹೊಂಬಣ್ಣಗಳನ್ನು ಸಂಗ್ರಾಹಕರು ಮೆಚ್ಚಿ ಹೆಚ್ಚಿನ ಬೆಲೆ ಕೊಡುವುದರಿಂದ, ಚಿತ್ರದ ಬಣ್ಣವನ್ನು ಯಂತ್ರದಲ್ಲಿ ಗಾಢಗೊಳಿಸುವ ಪ್ರಲೋಭನೆ ಬಲವಾಗಿದೆ.

ಇಂದಿನ ದೂರವಾಣಿಗಳಲ್ಲಿರುವ ಕ್ಯಾಮೆರಾಗಳು ಮಾರುವವನು ಕೇಳದಿದ್ದರೂ ಚಿತ್ರವನ್ನು ತಾವಾಗಿ ತಿದ್ದುತ್ತವೆ. ಅಂಚುಗಳನ್ನು ಚೂಪುಗೊಳಿಸುತ್ತವೆ, ಮೈಯನ್ನು ನಯಗೊಳಿಸುತ್ತವೆ. ಚಿತ್ರವನ್ನು ಕುಗ್ಗಿಸಿ ರವಾನಿಸುವಾಗಲೂ ಸೂಕ್ಷ್ಮವಾದ ಗೀರುಗಳು ಅಳಿದುಹೋಗುತ್ತವೆ. ಅಕ್ಷರಗಳ ಸುತ್ತ ತೆಳುವಾದ ಬಿಳಿಯ ಹೊರಗೆರೆ ಕಂಡರೆ ಅದು ಅತಿಯಾಗಿ ಚೂಪುಗೊಳಿಸಿದ ಚಿತ್ರವೆಂದು ತಿಳಿಯಬಹುದು. ಆದ್ದರಿಂದ ಚಿತ್ರವು ಸುಳ್ಳಾಗಿದ್ದ ಮಾತ್ರಕ್ಕೆ ಮಾರುವವನು ಸುಳ್ಳನೆಂದು ಹೇಳಲಾಗದು. ದೋಷ ಯಂತ್ರದ್ದೂ ಆಗಿರಬಹುದು. ಹಾಗೆಂದು ಅಂಥ ಚಿತ್ರದ ಮೇಲೆ ಹಣ ಹೂಡುವುದೂ ವಿವೇಕವಲ್ಲ.

ಅಳತೆ ಮತ್ತು ಅಂಚು

ವಿಜಯನಗರದ ವರಹವೊಂದರ ಸಹಜ ತೂಕ ಸುಮಾರು ೩.೪ ಗ್ರಾಂ, ಅದರ ಅಡ್ಡಳತೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅದನ್ನೇ ಗಣಕಯಂತ್ರದ ತೆರೆಯ ತುಂಬ ಹಿಗ್ಗಿಸಿ ತೋರಿಸಿದಾಗ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿಯಿಲ್ಲದ ಚಿತ್ರದಿಂದ ಗಾತ್ರವನ್ನು ಊಹಿಸಲಾಗದು. ತೂಕ, ಅಡ್ಡಳತೆ, ದಪ್ಪ ಈ ಮೂರನ್ನೂ ಒಟ್ಟಿಗೆ ಕೇಳಬೇಕು. ಒಂದನ್ನು ಮಾತ್ರ ಕೇಳಿದರೆ ಏಕೆ ಸಾಲದೆಂಬುದನ್ನು ಬ್ರಿಟಿಷ್ ಭಾರತದ ಬೆಳ್ಳಿಯ ರೂಪಾಯಿಯ ನಿದರ್ಶನದಿಂದ ತಿಳಿಯಬಹುದು. ೧೮೩೫ರ ಕಾಯಿದೆಯಿಂದ ಮೊದಲಾಗಿ ಆ ರೂಪಾಯಿಯ ತೂಕ ೧೮೦ ಗ್ರೇನು, ಅಂದರೆ ೧೧.೬೬ ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಅದೇ ಗಾತ್ರ, ಅದೇ ದಪ್ಪದಲ್ಲಿ ಹಿತ್ತಾಳೆಯ ಬಿಲ್ಲೆ ಮಾಡಿದರೆ ಅದು ಸುಮಾರು ೯.೬ ಗ್ರಾಂ ಮಾತ್ರ ತೂಗೀತು. ತೂಕವನ್ನು ಸರಿದೂಗಿಸಹೋದರೆ ಬಿಲ್ಲೆ ದಪ್ಪವಾಗಲೇಬೇಕು, ಇಲ್ಲವೇ ಅಗಲವಾಗಲೇಬೇಕು. ಹೀಗೆ ಮೂರು ಅಳತೆಗಳು ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲುತ್ತವೆ. ಸವೆದ ನಾಣ್ಯದ ತೂಕ ಕೊಂಚ ಕಡಿಮೆಯಿರುವುದು ಸಹಜ. ಸವೆಯದ ನಾಣ್ಯದ ತೂಕ ಕಡಿಮೆಯಿದ್ದರೆ ಸಂಶಯಕ್ಕೆ ಎಡೆಯುಂಟು.

ಅಂಚನ್ನು ತೋರಿಸುವ ಚಿತ್ರ ಹರಾಜಿನಲ್ಲಿ ಅಪರೂಪ. ಹೇಳಬೇಕಾದ ರಹಸ್ಯವೆಲ್ಲ ಇರುವುದು ಅಲ್ಲಿಯೇ. ಎರಕದ ಖೊಟ್ಟಿಯಾದರೆ ಅಚ್ಚಿನ ಎರಡು ಹೋಳುಗಳು ಕೂಡಿದ ಸಂದಿನ ಗೆರೆ ಅಂಚಿನ ಸುತ್ತ ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಿದ್ದರೆ ಉಜ್ಜಿದ ಗುರುತಾದರೂ ಉಳಿದಿರುತ್ತದೆ. ನಮ್ಮ ನಾಡಿನ ನಾಣ್ಯಗಳ ವಿಷಯದಲ್ಲಿ ಅಂಚಿಗೆ ಇನ್ನೊಂದು ಮಹತ್ತ್ವವಿದೆ. ವರಹಗಳನ್ನೂ ರೂಪಾಯಿಗಳನ್ನೂ ಕೊಂಡಿ ಬೆಸೆದು ಕಾಸಿನ ಸರವಾಗಿ ಧರಿಸುವುದು ನಮ್ಮ ಮನೆತನಗಳಲ್ಲಿ ಬಹುಕಾಲದ ಪದ್ಧತಿ. ಅಂಥ ನಾಣ್ಯದಿಂದ ಕೊಂಡಿಯನ್ನು ಕಿತ್ತು ತೆಗೆದರೆ ಅಂಚಿನಲ್ಲಿ ಬೆಸುಗೆಯ ಕಲೆ ಉಳಿಯುತ್ತದೆ; ತೂತಿದ್ದರೆ ಅದನ್ನು ತುಂಬಿ ನಯಗೊಳಿಸಿರುತ್ತಾರೆ. ನಾಣ್ಯವು ನಿಜವಾದುದೇ, ಚರಿತ್ರೆಗೆ ಅದರಿಂದ ಕುಂದಿಲ್ಲ. ಆದರೆ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಅದರ ಬೆಲೆ ಬಹಳ ಇಳಿಯುತ್ತದೆ. ನಾಣ್ಯದ ಮೇಲ್ತುದಿಯನ್ನು ಕತ್ತರಿಸಿ ತೆಗೆದ ಚಿತ್ರ, ಬೆರಳು ಯಾವಾಗಲೂ ಒಂದೇ ಸ್ಥಳದಲ್ಲಿ ಅಂಚನ್ನು ಮುಚ್ಚಿರುವ ಚಿತ್ರ, ಇವು ಕಂಡಾಗ ಅಲ್ಲಿ ಏನಿರಬಹುದೆಂದು ಕೇಳಬೇಕು.

ಎರಡು ಮುಖಗಳ ಅಗತ್ಯ

ನಾಣ್ಯದ ಒಂದೇ ಮುಖವನ್ನು ತೋರಿಸಿ ಮಾರುವುದುಂಟು. ಕರ್ನಾಟಕದ ನಾಣ್ಯಗಳಲ್ಲಿ ಇದರ ಅಪಾಯ ವಿಶೇಷವಾದುದು. ನಂದಿವಾಹನನೂ ಉಮಾಸಹಿತನೂ ಆದ ಶಿವನ ಮೂರ್ತಿಯನ್ನೇ ತೆಗೆದುಕೊಳ್ಳೋಣ. ಉಮಾಮಹೇಶ್ವರರ ರೂಪವು ವಿಜಯನಗರದ ಸಂಗಮ ವಂಶದ ಅರಸರ ವರಹಗಳ ಮೇಲಿದೆ. ವೀರಶೈವರಾದ ಕೆಳದಿಯ ನಾಯಕರು ಅದೇ ರೂಪವನ್ನು ಉಳಿಸಿಕೊಂಡು ಹಿಮ್ಮುಖದಲ್ಲಿ ಶ್ರೀ ಸದಾಶಿವ ಎಂದು ನಾಗರಾಕ್ಷರಗಳಲ್ಲಿ ಮುದ್ರಿಸಿದರು. ಇಕ್ಕೇರಿ ವರಹವೆಂದು ಪ್ರಖ್ಯಾತವಾದುದು ಇದೇ. ಹೈದರ್ ಅಲಿಯು ಕೆಳದಿಯನ್ನು ಗೆದ್ದ ಮೇಲೂ ಶಿವಪಾರ್ವತಿಯರನ್ನು ಕೈಬಿಡಲಿಲ್ಲ. ಹಿಮ್ಮುಖದಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಇರಿಸಿದನು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಮತ್ತೆ ಅದೇ ಉಮಾಮಹೇಶ್ವರರನ್ನು ಮುಮ್ಮುಖದಲ್ಲಿ ಇರಿಸಿ, ಹಿಮ್ಮುಖದಲ್ಲಿ ನಾಗರಾಕ್ಷರಗಳಲ್ಲಿ ತಮ್ಮ ಹೆಸರನ್ನು ಮುದ್ರಿಸಿದರು.

ನಾಲ್ಕು ಆಳ್ವಿಕೆಗಳು, ನಾಲ್ಕು ನೂರಕ್ಕೂ ಹೆಚ್ಚು ವರ್ಷಗಳು, ಮುಮ್ಮುಖದಲ್ಲಿ ಒಂದೇ ದೇವತಾಯುಗ್ಮ. ಹಿಮ್ಮುಖವನ್ನು ತೋರಿಸದೆ "ವಿಜಯನಗರದ ವರಹ" ಎಂದು ಹೇಳಿದರೆ ಆ ಮಾತಿಗೆ ಆಧಾರವಿಲ್ಲ. ಇಂಥ ನಾಣ್ಯವನ್ನು ಹರಾಜಿನಲ್ಲಿ ಕಂಡವರು ಮೊದಲು ಕೇಳಬೇಕಾದುದು ಬೆನ್ನಿನ ಚಿತ್ರವನ್ನು. ಮತಭೇದವಿಲ್ಲದೆ ಅರಸರು ಪ್ರಜೆಗಳ ನಂಬಿಕೆಯ ಮುದ್ರೆಯನ್ನು ಉಳಿಸಿಕೊಂಡುಬಂದ ಈ ವೃತ್ತಾಂತವನ್ನು ನಾಲ್ಕು ಚಿಕ್ಕ ನಾಣ್ಯಗಳ ಎರಡು ಮುಖಗಳು ಮಕ್ಕಳಿಗೆ ಕಲಿಸಬಲ್ಲವು. ಒಂದು ಮುಖ ಕಲಿಸಲಾರದು.

ಅಕ್ಷರಗಳ ಸಾಕ್ಷ್ಯ

ಭಾಷಾಶಿಕ್ಷಕರಿಗೆ ನಾಣ್ಯಪರೀಕ್ಷೆಯಲ್ಲಿ ಸಹಜವಾದ ಅಧಿಕಾರವಿರುವುದು ಅಕ್ಷರಗಳ ವಿಷಯದಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ 'ಮಯಿಲಿ ಕಾಸು' ಎಂಬ ಕನ್ನಡ ಬರಹವೂ, ಅದರ ಮೌಲ್ಯವೂ, ಜೊತೆಗೆ ಆಂಗ್ಲ ಲಿಪಿಯೂ ಕಾಣುತ್ತವೆ. ಕನ್ನಡವನ್ನು ಅರಿಯದ ಖೊಟ್ಟಿಗಾರನು ಅಕ್ಷರವನ್ನು ಅಕ್ಷರವಾಗಿ ಕೊರೆಯುವುದಿಲ್ಲ, ಚಿತ್ರವಾಗಿ ನಕಲು ಮಾಡುತ್ತಾನೆ. ತಲೆಕಟ್ಟು ತಪ್ಪಿದ ಸ್ಥಳದಲ್ಲಿ ಕೂಡುತ್ತದೆ, ಕೊಂಬು ಮೇಲಕ್ಕೆ ಹೋಗಬೇಕಾದಲ್ಲಿ ಕೆಳಕ್ಕೆ ಇಳಿಯುತ್ತದೆ, ಗೆರೆಯ ದಪ್ಪ ಎಲ್ಲೆಡೆಯೂ ಒಂದೇ ಆಗಿರುತ್ತದೆ. ಹಳೆಯ ನಾಣ್ಯಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಅಕ್ಷರಗಳು ಅಂಚಿನಲ್ಲಿ ಅರ್ಧ ಕಡಿದುಹೋಗಿರುವುದು ಸಾಮಾನ್ಯ. ಅದು ದೋಷವಲ್ಲ, ಎಲ್ಲ ಅಕ್ಷರಗಳೂ ಒಂದು ಚಿಕ್ಕ ಬಿಲ್ಲೆಯೊಳಗೆ ಅಚ್ಚುಕಟ್ಟಾಗಿ ಕುಳಿತಿದ್ದರೆ ಮತ್ತೊಮ್ಮೆ ನೋಡಬೇಕು.

ಮುದ್ರೆಯೊತ್ತಿದ ನಾಣ್ಯದಲ್ಲಿ ಅಕ್ಷರದ ಬದಿಗಳು ಕಡಿದಾಗಿ ಎದ್ದು, ನಡುವಿನ ಬಯಲು ಬಿಗಿಯಾಗಿರುತ್ತದೆ. ಎರಕದ ನಾಣ್ಯದಲ್ಲಿ ಬದಿಗಳು ಸಾಬೂನಿನಂತೆ ಜಾರಿ, ಬಯಲಿನಲ್ಲಿ ಸೂಜಿಮೊನೆಯಂಥ ಗುಳ್ಳೆಗಳಿರುತ್ತವೆ. ಎರಕದ ಖೊಟ್ಟಿಗಳಿಗೆ ಇನ್ನೊಂದು ಲಕ್ಷಣವಿದೆ. ನಿಜವಾದ ಒಂದು ನಾಣ್ಯದಿಂದ ಎರಕದ ಪಡಿಯಚ್ಚು ತೆಗೆದಾಗ ಆ ನಾಣ್ಯದ ಮೇಲಿದ್ದ ಪೆಟ್ಟು, ಗೀರುಗಳೂ ಅದರಲ್ಲಿ ಮೂಡುತ್ತವೆ. ಬೇರೆ ಬೇರೆ ಎರಡು ನಾಣ್ಯಗಳಿಗೆ ಒಂದೇ ಸ್ಥಳದಲ್ಲಿ ಒಂದೇ ಆಕಾರದ ಪೆಟ್ಟು ಬೀಳುವುದು ಲೋಕದಲ್ಲಿ ಅಸಂಭವ. ಅದೇ ಪೆಟ್ಟನ್ನು ಹೊತ್ತ ಎರಡನೆಯ ನಾಣ್ಯ ಬೇರೊಂದು ಹರಾಜಿನಲ್ಲಿ ಕಂಡರೆ, ಒಂದೋ ಚಿತ್ರ ಎರವಲಿನದು, ಇಲ್ಲವೇ ಎರಡರಲ್ಲಿ ಒಂದಾದರೂ ಖೊಟ್ಟಿ.

ವರ್ಷಕ್ಕೂ ರೂಪಕ್ಕೂ ಹೊಂದಿಕೆ

ಇಸವಿಯ ಒಂದು ಅಂಕೆಯನ್ನು ತಿದ್ದಿ ಸಾಮಾನ್ಯ ನಾಣ್ಯವನ್ನು ವಿರಳವೆಂದು ಮಾರುವ ತಂತ್ರ ಹಳೆಯದು. ಅದನ್ನು ಕಂಡುಹಿಡಿಯಲು ಇಸವಿಯನ್ನೇ ದಿಟ್ಟಿಸಿದರೆ ಸಾಲದು. ಉಳಿದ ರೂಪವು ಆ ಇಸವಿಗೆ ಒಪ್ಪುತ್ತದೆಯೇ ಎಂದು ನೋಡಬೇಕು. ಐದನೆಯ ಜಾರ್ಜ್ ದೊರೆಯ ೧೯೧೧ರ ರೂಪಾಯಿ ಇದಕ್ಕೆ ಒಳ್ಳೆಯ ನಿದರ್ಶನ. ದೊರೆಯ ನಿಲುವಂಗಿಯ ಮೇಲೆ ಕೊರೆದ ಆನೆಯ ಸೊಂಡಿಲು ತೀರ ಮೊಟಕಾಗಿದ್ದು ಹಂದಿಯಂತೆ ಕಾಣುತ್ತದೆಂದು ಜನರಿಂದ ಆಕ್ಷೇಪಣೆ ಬಂದಿತು. ಸರ್ಕಾರವು ೧೯೧೨ರಿಂದ ಆನೆಯನ್ನು ತಿದ್ದಿ ಸೊಂಡಿಲನ್ನು ಸ್ಪಷ್ಟಪಡಿಸಿತು. ಹೀಗಾಗಿ ೧೯೧೧ರ ರೂಪಾಯಿಗೆ ಸಂಗ್ರಾಹಕರಲ್ಲಿ ವಿಶೇಷ ಬೇಡಿಕೆಯಿದೆ. ಚಿತ್ರದಲ್ಲಿ ೧೯೧೧ ಎಂಬ ಇಸವಿಯಿದ್ದು ಆನೆಗೆ ನೀಳವಾದ ಸೊಂಡಿಲಿದ್ದರೆ, ಆನೆಯೇ ಇಸವಿಯ ಸುಳ್ಳನ್ನು ಬಯಲುಮಾಡುತ್ತದೆ. ಆನೆಯ ಭಾಗವೊಂದೇ ಬೆಳಕಿನ ಹೊಳಪಿನಲ್ಲಿ ಮುಳುಗಿಹೋಗಿದ್ದರೆ ಮತ್ತೊಂದು ಚಿತ್ರವನ್ನು ಬೇಡಬೇಕು. ವಿಕ್ಟೋರಿಯಾ ರಾಣಿಯ ರೂಪಾಯಿಗಳ ಕಥೆ ಬೇರೆ ಬಗೆಯದು. ೧೮೬೨ ಎಂಬ ಒಂದೇ ಇಸವಿಯನ್ನು ಹೊತ್ತ ರೂಪಾಯಿಗಳನ್ನು ಮುಂದೆ ೧೮೭೪ರವರೆಗೂ ಮುದ್ರಿಸಿದರು. ಅವುಗಳ ಪ್ರಭೇದವನ್ನು ತಿಳಿಸುವ ಗುರುತುಗಳಲ್ಲಿ ಹಿಮ್ಮುಖದ ಸಣ್ಣ ಚುಕ್ಕೆಗಳೂ ಸೇರಿವೆ. ಮಸುಕಾದ ಚಿತ್ರದಲ್ಲಿ ಮೊದಲು ಅಳಿಯುವುದು ಆ ಚುಕ್ಕೆಗಳೇ.

ಚರಿತ್ರೆಗೆ ಒಪ್ಪದ ನಾಣ್ಯಗಳು

ಕೆಲವು ಖೊಟ್ಟಿಗಳನ್ನು ಗುರುತಿಸಲು ಬೆಳಕೂ ಬೇಡ, ತಕ್ಕಡಿಯೂ ಬೇಡ. ಇತಿಹಾಸದ ಪ್ರಾಥಮಿಕ ಜ್ಞಾನ ಸಾಕು. ೧೮೧೮ ಎಂಬ ಇಸವಿ, 'ಈಸ್ಟ್ ಇಂಡಿಯಾ ಕಂಪನಿ' ಎಂಬ ಆಂಗ್ಲ ಬರಹ, 'ಒಂದು ಆಣೆ' ಎಂಬ ಮೌಲ್ಯ, ಮತ್ತೊಂದು ಮುಖದಲ್ಲಿ ಶ್ರೀರಾಮನೋ ಹನುಮಂತನೋ ಲಕ್ಷ್ಮಿಯೋ ಇರುವ ಬಿಲ್ಲೆಗಳು ಅಂತರಜಾಲದಲ್ಲಿ ಹೇರಳವಾಗಿ ಮಾರಾಟಕ್ಕಿವೆ. ಅಕ್ಕಿಯನ್ನು ಸೆಳೆಯುತ್ತವೆ, ಐಶ್ವರ್ಯವನ್ನು ತರುತ್ತವೆ ಎಂದು ನಂಬಿಸಿ ಅವುಗಳಿಗೆ ಲಕ್ಷಗಟ್ಟಲೆ ಬೆಲೆ ಹೇಳುವವರೂ ಇದ್ದಾರೆ. ಕಂಪನಿಯು ಇಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ೧೮೩೫ರ ಕಾಯಿದೆಯಿಂದ ಬ್ರಿಟಿಷ್ ಭಾರತಕ್ಕೆಲ್ಲ ಏಕರೂಪದ ನಾಣ್ಯಪದ್ಧತಿ ಬಂದಿತು. ಆ ಪದ್ಧತಿಯಲ್ಲಿ ಒಂದಾಣೆಯ ನಾಣ್ಯ ಚಲಾವಣೆಗೆ ಬಂದದ್ದು ಏಳನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, ೧೯೦೭ರಲ್ಲಿ. ಅಷ್ಟರಲ್ಲಿ ಕಂಪನಿಯ ಆಳ್ವಿಕೆ ಮುಗಿದು ಅರ್ಧಶತಮಾನ ಸಂದಿದ್ದಿತು.

ಇಲ್ಲಿಯೂ ಸಮದೃಷ್ಟಿ ಬೇಕು. ದೇವತಾಮೂರ್ತಿ ಇದೆಯೆಂಬ ಒಂದೇ ಕಾರಣಕ್ಕೆ ಕಂಪನಿಯ ನಾಣ್ಯ ಖೊಟ್ಟಿಯಾಗುವುದಿಲ್ಲ. ಮದರಾಸಿನಲ್ಲಿ ಕಂಪನಿಯು ಹೊರಡಿಸಿದ ಚಿನ್ನದ ವರಹಗಳ ಮೇಲೆ ದಕ್ಷಿಣದ ಸಂಪ್ರದಾಯದಂತೆ ವಿಷ್ಣುವಿನ ಮೂರ್ತಿ ಇದ್ದದ್ದು ನಿಜ. ರಾಮಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕಗಳೂ ಪೂಜೆಗಾಗಿ ಮಾಡಿದ ನಿಜವಾದ ಹಳೆಯ ವಸ್ತುಗಳೇ. ಆದರೆ ಅವು ಚಲಾವಣೆಯ ಹಣವಲ್ಲ. ಪೂಜೆಯ ವಸ್ತುವನ್ನು ಪೂಜೆಯ ವಸ್ತುವೆಂದು ಮಾರಿದರೆ ದೋಷವಿಲ್ಲ. ಅರಸರ ನಾಣ್ಯವೆಂದು ಮಾರಿದರೆ ಮೋಸ.

ಚಿತ್ರವೂ ನಿಜ, ನಾಣ್ಯವೂ ನಿಜ, ಬೆಲೆ ಮಾತ್ರ ಸುಳ್ಳು ಎಂಬ ಇನ್ನೊಂದು ವರ್ಗವಿದೆ. ಮಾತಾ ವೈಷ್ಣೋದೇವಿಯ ಚಿತ್ರವುಳ್ಳ ೨೦೧೨ರ ಐದು, ಹತ್ತು ರೂಪಾಯಿಗಳ ನಾಣ್ಯಗಳು ಸರ್ಕಾರದ ಟಂಕಸಾಲೆಯಿಂದಲೇ ಸಾಮಾನ್ಯ ಚಲಾವಣೆಗೆ ಬಂದವು. ಅವನ್ನು ಲಕ್ಷಾಂತರ ರೂಪಾಯಿಗಳಿಗೆ ಕೊಳ್ಳುತ್ತೇವೆಂದು ಪ್ರಚಾರಮಾಡಿ, ಮುಂಗಡವಾಗಿ ಶುಲ್ಕವನ್ನೋ ತೆರಿಗೆಯನ್ನೋ ಕೇಳುವ ವಂಚಕರಿದ್ದಾರೆ. ಇಂಥ ವ್ಯವಹಾರಗಳಲ್ಲಿ ತನ್ನ ಹೆಸರನ್ನೂ ಲಾಂಛನವನ್ನೂ ದುರುಪಯೋಗಪಡಿಸುತ್ತಿರುವುದನ್ನು ಕುರಿತು ಭಾರತೀಯ ರಿಸರ್ವ್ ಬ್ಯಾಂಕು ೨೦೨೧ರ ಆಗಸ್ಟ್ ತಿಂಗಳಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು. ತಾನು ಹಳೆಯ ನೋಟು ನಾಣ್ಯಗಳ ಕೊಡುಕೊಳ್ಳುವಿಕೆಯಲ್ಲಿ ತೊಡಗಿಲ್ಲವೆಂದೂ, ಅದಕ್ಕಾಗಿ ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದೂ ಅದು ಸ್ಪಷ್ಟಪಡಿಸಿತು. ಮಾರಲು ಹೋದವನಿಂದಲೇ ಮೊದಲು ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತೆಂದು ತಿಳಿಯತಕ್ಕದ್ದು.

ಎರವಲು ಚಿತ್ರ ಮತ್ತು ಮೊಹರಿನ ಪೆಟ್ಟಿಗೆ

ಬೇರೊಬ್ಬರ ಉತ್ತಮ ನಾಣ್ಯದ ಚಿತ್ರವನ್ನು ಎತ್ತಿಕೊಂಡು ತಮ್ಮ ಹೀನ ನಾಣ್ಯವನ್ನು ಕಳುಹಿಸುವುದು ಸುಲಭವಾದ ಮೋಸ. ಚಿತ್ರವನ್ನೇ ಕೊಟ್ಟು ಅಂತರಜಾಲದಲ್ಲಿ ಹುಡುಕುವ ಸೌಕರ್ಯ ಈಗ ಎಲ್ಲರಿಗೂ ಲಭ್ಯವಿದೆ. ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಪ್ರಕಟವಾಗಿತ್ತೆಂಬುದು ಅದರಿಂದ ಎಷ್ಟೋ ವೇಳೆ ತಿಳಿಯುತ್ತದೆ. ಒಬ್ಬನೇ ಮಾರಾಟಗಾರನ ಹತ್ತು ನಾಣ್ಯಗಳ ಚಿತ್ರಗಳಲ್ಲಿ ಹಿನ್ನೆಲೆ, ಬೆಳಕು, ಕೋನಗಳು ಬೇರೆ ಬೇರೆಯಾಗಿದ್ದರೆ ಅದೂ ಒಂದು ಸೂಚನೆ. ನಾವು ಹೇಳಿದ ಒಂದು ಮಾತನ್ನೂ ಆ ದಿನದ ತೇದಿಯನ್ನೂ ಚೀಟಿಯಲ್ಲಿ ಬರೆದು, ನಾಣ್ಯದ ಪಕ್ಕದಲ್ಲಿಟ್ಟು ತೆಗೆದ ಹೊಸ ಚಿತ್ರವನ್ನು ಕೇಳುವುದು ಸರಳವೂ ಸಮರ್ಥವೂ ಆದ ಉಪಾಯ.

ಅಮೆರಿಕದಲ್ಲಿ ಹುಟ್ಟಿದ ಪಿ.ಸಿ.ಜಿ.ಎಸ್., ಎನ್.ಜಿ.ಸಿ. ಎಂಬ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ೧ರಿಂದ ೭೦ರವರೆಗಿನ ಅಂಕಗಳಲ್ಲಿ ಅದರ ಸ್ಥಿತಿಯನ್ನು ಗೊತ್ತುಪಡಿಸಿ, ಮೊಹರು ಮಾಡಿದ ಪಾರದರ್ಶಕ ಪೆಟ್ಟಿಗೆಯಲ್ಲಿ ಇಟ್ಟುಕೊಡುತ್ತವೆ. ಇದು ದೊಡ್ಡ ಆಸರೆಯೇ ಸರಿ. ಆದರೆ ನಾಣ್ಯವನ್ನು ನಕಲು ಮಾಡಬಲ್ಲವನು ಪೆಟ್ಟಿಗೆಯನ್ನೂ ನಕಲು ಮಾಡಬಲ್ಲನು. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲಿ ಹುಡುಕಿ, ಅಲ್ಲಿ ನಾಣ್ಯದ ಚಿತ್ರವಿದ್ದರೆ ಗೀರಿಗೆ ಗೀರು ಹೋಲಿಸಿ ನೋಡಬೇಕು. ಸಂಖ್ಯೆ ಸರಿಯಾಗಿದ್ದು ನಾಣ್ಯ ಬೇರೆಯಾಗಿರುವ ಸಂದರ್ಭಗಳೂ ಉಂಟು.

ನಾಣ್ಯ ಕೈಸೇರಿದ ಮೇಲೆ

ಹರಾಜಿನ ತಾಣದ ಮರಳಿಸುವ ನಿಯಮವನ್ನು ಕೊಳ್ಳುವ ಮುನ್ನವೇ ಓದಿರಬೇಕು. ಹಣವನ್ನು ಆ ತಾಣದ ಮೂಲಕವೇ ಕೊಡಬೇಕು. "ಹೊರಗಡೆ ಕೊಟ್ಟರೆ ಅಗ್ಗ" ಎಂಬ ಮಾತಿಗೆ ಮನಸೋತವನಿಗೆ ತಾಣದ ರಕ್ಷಣೆ ತಪ್ಪಿಹೋಗುತ್ತದೆ. ಕಟ್ಟನ್ನು ಬಿಚ್ಚುವಾಗ ಚಿತ್ರ ತೆಗೆದಿಟ್ಟುಕೊಳ್ಳುವುದು ಮುಂದಿನ ವಾದಕ್ಕೆ ಸಾಕ್ಷಿಯಾಗುತ್ತದೆ. ಬಂದ ನಾಣ್ಯವನ್ನು ಹರಾಜಿನ ಚಿತ್ರದೊಡನೆ ಹೋಲಿಸಿ, ತೂಗಿ, ಅಳೆದು ನೋಡಬೇಕು. ದಾರದಲ್ಲಿ ನೇತುಹಾಕಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಲೋಹದ ಸಾಂದ್ರತೆ ತಿಳಿಯುತ್ತದೆ. ಮೇಲೆ ಹೇಳಿದ ಬೆಳ್ಳಿಯ ರೂಪಾಯಿಯಾದರೆ ನೀರಿನಲ್ಲಿ ಅದರ ತೂಕ ಸುಮಾರು ೧.೧೩ ಗ್ರಾಂ ಇಳಿಯಬೇಕು. ಪ್ರೌಢಶಾಲೆಯ ಮಕ್ಕಳು ಆರ್ಕಿಮಿಡೀಸನ ತತ್ತ್ವವೆಂದು ಓದುವ ಪಾಠವೇ ಇದು. ಪ್ರಯೋಗಶಾಲೆಯ ಸೂಕ್ಷ್ಮ ತಕ್ಕಡಿಯಿಂದ ಇದನ್ನು ಮಾಡಿ ತೋರಿಸಿದರೆ ಭೌತಶಾಸ್ತ್ರವೂ ಚರಿತ್ರೆಯೂ ಒಂದೇ ಪಾಠದಲ್ಲಿ ಕೂಡುತ್ತವೆ. ಅಯಸ್ಕಾಂತಕ್ಕೆ ಅಂಟುವ ರೂಪಾಯಿ ಬೆಳ್ಳಿಯದಲ್ಲ. ಆದರೆ ೧೯೪೭ರ ರೂಪಾಯಿ ನಿಕ್ಕಲ್ ಲೋಹದ್ದಾದ್ದರಿಂದ ಅದು ಅಂಟುತ್ತದೆ, ಅಂಟಿದರೂ ಅದು ನಿಜವಾದ ನಾಣ್ಯವೇ. ಪರೀಕ್ಷೆಗೂ ಅದರ ಮಿತಿಯನ್ನು ಅರಿತ ಪರೀಕ್ಷಕ ಬೇಕು.

ಮನೆಯಲ್ಲಿ ಹಿರಿಯರ ಕಾಲದ ನಾಣ್ಯಗಳಿದ್ದವರಿಗೆ ಒಂದು ವಿನಂತಿ: ಅವನ್ನು ಹುಣಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ತಿಕ್ಕಬಾರದು. ಶತಮಾನದ ಕಪ್ಪನ್ನು ಒಂದು ನಿಮಿಷದಲ್ಲಿ ತೆಗೆಯಬಹುದು, ಮತ್ತೆ ತರಲಾಗದು. ಮಾರಲು ಬಯಸುವವರು ಸ್ವತಃ ಸತ್ಯವಾದ ಚಿತ್ರವನ್ನೇ ತೆಗೆಯಬೇಕು. ಬಿಳಿಯ ಕಾಗದ, ಪಕ್ಕದಲ್ಲಿ ಅಳತೆಪಟ್ಟಿ, ಎರಡು ಮುಖಗಳು, ಒಂದು ಅಂಚು, ಎರಡು ದಿಕ್ಕಿನ ಬೆಳಕು, ದೋಷವಿದ್ದರೆ ದೋಷದ ಚಿತ್ರ. ಸತ್ಯಶುದ್ಧ ಕಾಯಕವೆಂಬ ಶರಣರ ಆದರ್ಶ ಮಾರುವ ಕೈಗೂ ಅನ್ವಯಿಸುತ್ತದೆ.

ಕಾನೂನಿನ ವಿಷಯದಲ್ಲಿ ಎರಡು ಮಾತು. ೧೯೭೨ರ ಪುರಾವಸ್ತು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಪುರಾವಸ್ತುವಿನ ವ್ಯಾಖ್ಯೆಗೆ ಒಳಪಡುತ್ತದೆ. ಖಾಸಗಿಯವರು ಅದನ್ನು ಭಾರತದಿಂದ ಹೊರದೇಶಕ್ಕೆ ಕಳುಹಿಸುವಂತಿಲ್ಲ. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಇಲ್ಲಿಯ ಹರಾಜಿನಲ್ಲಿ ಕೊಂಡ ಹಳೆಯ ವರಹವನ್ನು ತರಿಸಿಕೊಳ್ಳಲು ಯತ್ನಿಸಬಾರದು. ಇಲ್ಲಿಯೇ ಉಳಿಸಿ ಶಾಲೆಗೆ ಕೊಡುವುದಕ್ಕೆ ಅಡ್ಡಿಯಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. "ಹೊಲದಲ್ಲಿ ಸಿಕ್ಕಿತು" ಎಂಬ ಹೊಗಳಿಕೆಯೊಡನೆ ಮಾರಾಟಕ್ಕೆ ಬಂದ ನಾಣ್ಯ ಸುಳ್ಳಾದರೆ ಮೋಸ, ನಿಜವಾದರೆ ಅಪರಾಧ. ಎರಡು ವಿಧದಲ್ಲಿಯೂ ಅದು ವರ್ಜ್ಯ.

ಶಾಲೆಗೆ ನಾಣ್ಯವನ್ನು ಅರ್ಪಿಸಬಯಸುವ ದಾನಿಗಳು ನಾಣ್ಯದ ಜೊತೆಗೆ ಹರಾಜಿನ ಚಿತ್ರಗಳು, ಕೊಂಡ ರಸೀದಿ, ತೂಕ ಅಳತೆಗಳ ಟಿಪ್ಪಣಿ ಇವನ್ನೂ ಕೊಟ್ಟರೆ ದಾನ ಪೂರ್ಣವಾಗುತ್ತದೆ. ಸಂಶಯವಿದ್ದ ನಾಣ್ಯವನ್ನು ಸಂಶಯವಿದೆ ಎಂಬ ಚೀಟಿಯೊಡನೆಯೇ ಇಡಬಹುದು. ಖೊಟ್ಟಿಯೆಂದು ನಿಶ್ಚಯವಾದುದನ್ನೂ ಎಸೆಯಬೇಕಾಗಿಲ್ಲ. ನಿಜವಾದುದರ ಪಕ್ಕದಲ್ಲಿಟ್ಟು ಖೊಟ್ಟಿಯೆಂದು ಬರೆದರೆ ಅದೇ ಒಳ್ಳೆಯ ಪಾಠೋಪಕರಣ. ಹೊಳೆಯುವ ಚಿತ್ರವನ್ನು ಕಂಡಾಗ ಬೆನ್ನನ್ನೂ ಅಂಚನ್ನೂ ತೂಕವನ್ನೂ ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಬಂದರೆ, ಅದು ನಾಣ್ಯಗಳ ಪೆಟ್ಟಿಗೆಯಲ್ಲಿ ಮಾತ್ರವಲ್ಲ, ಅವರು ಕಾಣುವ ಸಮಸ್ತ ಚಿತ್ರಗಳ ವಿಷಯದಲ್ಲಿಯೂ ಅವರನ್ನು ಕಾಯುತ್ತದೆ.